ನಲವತ್ತೊಂದನೇ ಟ್ಯೂಬು

೧೨ ಜನವರಿ ೨೦೧೪

ಪ್ರೀತಿಯ ಗೂಬೆ,

ಕಾಗದ ನೋಡಿ ಗಾಬರಿಯಾಗಬೇಡ. ಹೊಸದಾಗಿ ಏನೂ ಆಗಿಲ್ಲ. ನನ್ನ ಬಲಗೈಗೆ ವ್ಯಾಯಾಮ ಹೇಳಿಕೊಡುವ ಹುಡುಗಿ, ದಿನಕ್ಕೆ ಒಂದು ಪುಟವಾದರೂ ಕೈಯಲ್ಲಿ ಬರೆಯಲೇಬೇಕು ಎಂದು ಹಟ ಹಿಡಿದಿದ್ದಾಳೆ. ಮೂರು ದಿನ ಸೈಕಲ್ಲಿನ ಬಿಡಿಭಾಗಗಳ ಹೆಸರು ಬರೆದೆ. ನಾಲ್ಕನೆಯ ದಿನ ನಿನ್ನ ಭಾವ ಅದನ್ನು ನೋಡಿ, "ಪೆಡಲ್, ಚೈನು, ಪೆಡಲ್, ಚೈನು ಅಂತ ಯಾಕೆ ಬರೀತೀಯ? ನಿನ್ ತಮ್ಮಂಗೆ ಬರಿ, ಅವನಾದ್ರೂ ಓದ್ತಾನೆ" ಎಂದರು. ಫೋನಿನಲ್ಲಿ ನೀನು ಬರೀ 'ಹ್ಞೂಂ' ಎನ್ನುತ್ತೀಯ. ಕಾಗದದಲ್ಲಿ 'ಹ್ಞೂಂ' ಎಂದರೆ ಅಂಚೆಚೀಟಿ ದಂಡ. ಹಾಗಾಗಿ ನೀನೂ ಕೈಯಲ್ಲೇ ಬರೆಯಬೇಕು.

ಕಾಯಿಲೆಯ ಹೆಸರು ಫೋನಿನಲ್ಲಿ ಹೇಳಿದ್ದೆ, ಮಲ್ಟಿಪಲ್ ಸ್ಕ್ಲೆರೋಸಿಸ್. ಡಾಕ್ಟರಮ್ಮ ಚಿಕ್ಕದಾಗಿ ಎಮ್ಮೆಸ್ ಎನ್ನುತ್ತಾರೆ. ನಿನ್ನ ಭಾವ ಇನ್ನೂ ಚಿಕ್ಕದು ಮಾಡಿ ಎಮ್ಮೆ ಎನ್ನುತ್ತಾರೆ. ಬೆಳಿಗ್ಗೆ ಬಸ್ ಡಿಪೋಗೆ ಹೊರಡುವ ಮೊದಲು, "ಎಮ್ಮೆ ಹೇಗಿದೆ ಇವತ್ತು?" ಎಂದು ಕೇಳಿಯೇ ಹೋಗುವುದು. ನರದ ಮೇಲಿನ ಹೊದಿಕೆಯನ್ನು ಮೈಯ ಕಾವಲುಗಾರರೇ ಕಿತ್ತು ತಿನ್ನುವ ಕಾಯಿಲೆಯಂತೆ. ಬ್ರೇಕ್ ಕೇಬಲ್ಲಿನ ಮೇಲಿನ ಹೊದಿಕೆ ಸುಲಿದ ಹಾಗಾ ಎಂದು ಕೇಳಿದೆ. ಡಾಕ್ಟರಮ್ಮ ಸ್ವಲ್ಪ ಯೋಚಿಸಿ, ತಾವೇ ಇಷ್ಟು ಚೆನ್ನಾಗಿ ಯಾರಿಗೂ ಹೇಳಿರಲಿಲ್ಲ ಎಂದರು.

ಏಳನೇ ತಾರೀಕು ಮಂಗಳವಾರ ಬೆನ್ನಿನಿಂದ ನೀರು ತೆಗೆದರು. ಅದಕ್ಕೆ ಲಂಬಾರ್ ಪಂಕ್ಚರ್ ಎನ್ನುತ್ತಾರಂತೆ. ಹದಿನಾರು ವರ್ಷ ಸೈಕಲ್ ಅಂಗಡಿಯಲ್ಲಿ ಊರವರ ಪಂಕ್ಚರ್ ಹಾಕಿದವಳು ನಾನು. ಮಾಡಿಸಿಕೊಂಡದ್ದು ಇದೇ ಮೊದಲು. ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಗೋಡೆ ನೋಡುತ್ತಾ ಮಲಗಿದ್ದೆ. ನೋವು ಹೆಚ್ಚಿರಲಿಲ್ಲ, ತಲೆನೋವು ಮಾತ್ರ ಎರಡು ದಿನ ಬಿಡಲಿಲ್ಲ. ನೀರು ಮಾತ್ರ ತಿಳಿ, ಕುಡಿಯುವ ನೀರಿನ ಹಾಗೆ. ಒಂದು ಟ್ಯೂಬು ಅವರ ಪರೀಕ್ಷೆಗೆ, ಒಂದು ಸಂಶೋಧನೆಗೆ. ಸಂಶೋಧನೆಯದಕ್ಕೆ ಬೇರೆ ಸಹಿ ಹಾಕಿಸಿಕೊಂಡರು. ಅದು ನಿಮ್ಮೂರಿನ ಯಾವುದೋ ಲ್ಯಾಬಿಗೆ ಹೋಗುತ್ತದಂತೆ. ನಿನ್ನ ಕೈಗೇ ಬಂದರೆ ಕೆಳಗೆ ಬೀಳಿಸಬೇಡ.

ಚಿಕಿತ್ಸೆಗೆ ಎರಡು ದಾರಿ ಇವೆ ಎಂದಿದ್ದಾರೆ. ಯೋಚಿಸಿ ಹೇಳಿ ಎಂದು ಎರಡು ತಿಂಗಳು ಕೊಟ್ಟಿದ್ದಾರೆ. ಅವಳಿ ಜವಳಿಗಳಿಗೆ ಮುತ್ತು.

ನಿನ್ನ ಅಕ್ಕ


೩೦ ಜನವರಿ ೨೦೧೪

ಅಕ್ಕಾ,

ನನ್ನ ಅಕ್ಷರ ನೋಡಿ ನಗಬೇಡ. ಟ್ಯೂಬಿನ ಮೇಲೆ ಚೀಟಿ ಅಂಟಿಸುವುದು ಬಿಟ್ಟರೆ ನಾನು ಪೆನ್ನು ಹಿಡಿದು ವರ್ಷಗಳಾದವು. ಅವಳಿಗಳಿಗೆ ಮೂರು ತುಂಬಿತು. ಒಬ್ಬಳು ಹೇಳಿದ್ದಕ್ಕೆಲ್ಲ ಬೇಡ ಎನ್ನುತ್ತಾಳೆ. ಇನ್ನೊಬ್ಬಳು ಅವಳು ಬೇಡ ಎಂದದ್ದನ್ನೆಲ್ಲ ಬೇಕು ಎನ್ನುತ್ತಾಳೆ.

ಬೆನ್ನಿನ ನೀರಿನಲ್ಲಿ ಏನು ನೋಡುತ್ತಾರೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಈಗ ನಡೆಯುತ್ತಿರುವುದೇ ಅದು. ನರದ ಒಳಗಿನ ಎಳೆ ಮುರಿದಾಗ ಅದರ ಚೂರು ಆ ನೀರಿಗೆ ಬೀಳುತ್ತದೆ. ಬ್ರೇಕಿನ ರಬ್ಬರು ಸವೆದರೆ ರಿಮ್ಮಿನ ಮೇಲೆ ಕಪ್ಪು ಪುಡಿ ಕೂರುತ್ತದಲ್ಲ, ಹಾಗೆ. ಪುಡಿ ಎಷ್ಟಿದೆ ಎಂದು ಅಳೆದರೆ ಸವೆತ ಎಷ್ಟು ಎಂದು ಗೊತ್ತಾಗುತ್ತದೆ. ಹನ್ನೆರಡು ವರ್ಷದ ಹಿಂದಿನ ಟ್ಯೂಬುಗಳು ನಮ್ಮ ಫ್ರೀಜರಿನಲ್ಲಿವೆ, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ. ಅವನ್ನು ಕೊಟ್ಟವರು ಈಗ ಹೇಗೆ ನಡೆಯುತ್ತಿದ್ದಾರೆ ಎಂಬುದೂ ದಾಖಲೆಯಲ್ಲಿದೆ. ಅಂದಿನ ಪುಡಿ ನೋಡಿ ಇಂದಿನ ನಡಿಗೆಯನ್ನು ಮೊದಲೇ ಹೇಳಬಹುದಿತ್ತೇ ಎಂಬುದು ನಮ್ಮ ಮೇಡಂ ಅವರ ಪ್ರಶ್ನೆ. ಹೊಸ ಟ್ಯೂಬುಗಳನ್ನೂ ಜೊತೆಗೇ ಅಳೆಯುತ್ತೇವೆ.

ಹೆಸರು ಇರುವುದಿಲ್ಲ, ಬರೀ ನಂಬರು. ಉತ್ತರ ಯಾರಿಗೂ ವಾಪಸು ಹೋಗುವುದಿಲ್ಲ, ಡಾಕ್ಟರಿಗೂ. ಒಬ್ಬರನ್ನು ಕೂರಿಸಿಕೊಂಡು ಹೇಳುವಷ್ಟು ನಂಬಿಕೆ ಈ ಪರೀಕ್ಷೆಯ ಮೇಲೆ ಇನ್ನೂ ಬಂದಿಲ್ಲ. ನಿನ್ನದು ನಮ್ಮಲ್ಲಿಗೇ ಬಂದರೂ ನನಗೆ ಗೊತ್ತಾಗುವುದಿಲ್ಲ. ಬೀಳಿಸುವುದಂತೂ ಇಲ್ಲ.

ಎರಡು ದಾರಿ ಯಾವುವು?

ತಮ್ಮ


೨ ಮಾರ್ಚ್ ೨೦೧೪

ಗೂಬೆ,

ಕೈ ಸುಮಾರಾಗಿದೆ. ಹೆಬ್ಬೆರಳು ಮತ್ತು ಎರಡು ಬೆರಳ ತುದಿಯಲ್ಲಿ ಇನ್ನೂ ಕೈಗವಸು ಹಾಕಿಕೊಂಡ ಹಾಗೆ. ಚಕ್ರದ ಬೆಂಡು ತೆಗೆಯುವಾಗ ರಿಮ್ಮಿಗೆ ಬೆರಳು ತಾಗಿಸಿ ಎಲ್ಲಿ ಉಬ್ಬಿದೆ ಎಂದು ನೋಡುತ್ತಿದ್ದೆನಲ್ಲ, ಅದು ಈಗ ಆಗುವುದಿಲ್ಲ. ಬದಲಿಗೆ ಕಡ್ಡಿಯನ್ನು ಮೀಟಿ ಕೇಳುತ್ತೇನೆ. ಬಿಗಿ ಇದ್ದದ್ದು ಒಂದು ಸ್ವರ, ಸಡಿಲ ಇದ್ದದ್ದು ಇನ್ನೊಂದು. ಮೊದಲು ಹತ್ತು ನಿಮಿಷಕ್ಕೆ ಆಗುತ್ತಿದ್ದ ಚಕ್ರಕ್ಕೆ ಈಗ ಅರ್ಧ ಗಂಟೆ. ಗಿರಾಕಿಗಳು ಕಾಯುತ್ತಾರೆ. ಎದುರಿನ ಔಷಧಿ ಅಂಗಡಿಯವನು, "ಏನಕ್ಕಾ, ಸಂಗೀತ ಕಲಿತಿದೀರಾ?" ಎಂದು ಕೇಳಿದ. ಹೌದು, ಪರೀಕ್ಷೆಗೆ ಕಟ್ಟಿದ್ದೇನೆ ಎಂದೆ.

ದಾರಿ ಇವು. ಒಂದು, ಹಳೆಯ ಇಂಜೆಕ್ಷನ್. ವಾರಕ್ಕೆ ಮೂರು ಸಲ ನಾನೇ ಚುಚ್ಚಿಕೊಳ್ಳಬೇಕು. ಸಾಧು ಔಷಧ. ಮಗು ಬೇಕೆಂದರೆ ಹೆಚ್ಚು ಕಾಯಬೇಕಿಲ್ಲ. ಇನ್ನೊಂದು ಡ್ರಿಪ್, ಆರು ತಿಂಗಳಿಗೊಮ್ಮೆ. ಬಲವಾದದ್ದು, ಮೈಯ ಕಾವಲನ್ನೇ ತಗ್ಗಿಸಿಬಿಡುತ್ತದೆ. ಅದನ್ನು ಹಿಡಿದರೆ ಮಗುವಿನ ಮಾತು ಎರಡು ವರ್ಷವಾದರೂ ಮುಂದಕ್ಕೆ. ಈಗಿನ ಸ್ಕ್ಯಾನ್ ನೋಡಿದರೆ ಯಾವುದೂ ತಪ್ಪಲ್ಲ ಎಂದು ಡಾಕ್ಟರಮ್ಮ ಹೇಳಿದರು.

ಅಂಗಡಿ ನೆಲೆ ನಿಲ್ಲಲಿ ಎಂದು ಆರು ವರ್ಷ ಮುಂದೂಡಿದ್ದೇವೆ. ನನಗೀಗ ಮೂವತ್ತನಾಲ್ಕು. ನಾವು ಇಂಜೆಕ್ಷನ್ ಎಂದುಕೊಂಡಿದ್ದೇವೆ. ನಿನ್ನ ಭಾವ, "ಎಮ್ಮೆನೂ ಇರ್ಲಿ, ಕರುನೂ ಬರ್ಲಿ" ಎಂದರು. ನಕ್ಕೆ.

ಈ ನೀರು ನಿನ್ನ ಕಸುಬು. ನೀನೇನನ್ನುತ್ತೀಯ?

ಅಕ್ಕ


೨೦ ಏಪ್ರಿಲ್ ೨೦೧೪

ಅಕ್ಕಾ,

ತಡವಾಯಿತು. ಕೆಲಸ ಜಾಸ್ತಿ ಇತ್ತು.

ಡ್ರಿಪ್ಪನ್ನೇ ತಗೋ. ಮಗು ಎರಡು ವರ್ಷ ತಡವಾದರೇನು? ಈಗ ಎಷ್ಟೋ ಜನ ನಲವತ್ತರ ಹತ್ತಿರ ಹೆರುತ್ತಾರೆ. ಇಂಜೆಕ್ಷನ್ನಿನ ಮೇಲೆ ನನಗೆ ನಂಬಿಕೆ ಇಲ್ಲ. ಡಾಕ್ಟರ್ ಯಾವುದೂ ತಪ್ಪಲ್ಲ ಎಂದಿದ್ದಾರೆ ಎಂದರೆ ಡ್ರಿಪ್ಪೂ ತಪ್ಪಲ್ಲ ಎಂದೇ ತಾನೆ.

ಇನ್ನೊಂದು ಮಾತು. ಎರಡನೇ ಮಹಡಿಯ ಮನೆ ಬಿಡಿ. ಕೆಳಗಿನ ಮನೆ ನೋಡಿ. ಅಂಗಡಿಯ ಅಟ್ಟಕ್ಕೆ ಏಣಿ ಹಾಕಿ ಹತ್ತುವುದೂ ನಿಲ್ಲಿಸು. ಸುಮ್ಮನೆ ಹೇಳುತ್ತಿದ್ದೇನೆ, ಮುಂಜಾಗ್ರತೆಗೆ.

ಬೇಗ ತೀರ್ಮಾನ ಮಾಡು. ಇದರಲ್ಲಿ ಕಾಯುವುದು ಒಳ್ಳೆಯದಲ್ಲ.

ತಮ್ಮ


೨೯ ಏಪ್ರಿಲ್ ೨೦೧೪

ತಮ್ಮಯ್ಯನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕಾರಣ ಎಲ್ಲಾದರೂ ಸಿಗುತ್ತದೇನೋ ಎಂದು ಹುಡುಕಿದೆ. ಆದೇಶ ಮಾತ್ರ ಸಿಕ್ಕಿತು.

ನಿನ್ನ ಮನೆಯಲ್ಲಿ ಎರಡಿವೆ. ನನ್ನ ಒಂದಕ್ಕೆ 'ತಡವಾದರೇನು' ಎನ್ನುತ್ತೀಯ. ಅಟ್ಟ ಹತ್ತಬೇಡ, ಮಹಡಿ ಬಿಡು. ನೇರವಾಗಿ ಬರೆಯಬಹುದಿತ್ತು: ಅಕ್ಕಾ, ನಿನ್ನ ಕೈಯಿಂದ ಮಗು ಜಾರಿ ಬೀಳುತ್ತದೆ ಎಂದು. ಆಚೆ ಬೀದಿಯ ಅತ್ತೆ ಹಾಗೆಯೇ ಹೇಳಿದರು, ಮುಖಕ್ಕೇ ಹೇಳಿದರು. ನಿನ್ನ ಹಾಗೆ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ.

ಅಮ್ಮ ಕೆಲಸಕ್ಕೆ ಹೋದಾಗ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದವಳು ನಾನು. ಆಗ ನನಗೆ ಎಂಟು. ಒಂದು ದಿನವೂ ಬೀಳಿಸಲಿಲ್ಲ.

ಇಂಜೆಕ್ಷನ್ ಶುರು ಮಾಡಿ ನಾಲ್ಕು ವಾರವಾಯಿತು. ಇನ್ನು ಈ ವಿಷಯದಲ್ಲಿ ನಿನ್ನನ್ನು ಕೇಳುವುದಿಲ್ಲ, ನೀನೂ ಹೇಳಬೇಡ. ಕೈಯ ವ್ಯಾಯಾಮಕ್ಕೆ ಬಿಡಿಭಾಗಗಳ ಹೆಸರೇ ಸಾಕು.

ಅಕ್ಕ


೮ ಜೂನ್ ೨೦೧೪

ಅಕ್ಕಾ,

ಎರಡು ಕಾಗದ ಬರೆದು ಹರಿದೆ. ಇದನ್ನು ಕಳಿಸುತ್ತೇನೆ.

ನೀನು ಅಂದುಕೊಂಡದ್ದು ನನ್ನ ಮನಸ್ಸಿನಲ್ಲಿ ಒಂದು ಕ್ಷಣವೂ ಇರಲಿಲ್ಲ. ಅಷ್ಟನ್ನಾದರೂ ನಂಬು. ನಿನ್ನ ಫೋನಿಗೆ ಹತ್ತು ಸಲ ಮಾಡಿದೆ. ಗುರುವಾರ ಭಾವ ಫೋನಿಗೆ ಸಿಕ್ಕಿದರು. ಚೆನ್ನಾಗಿದ್ದಾಳೆ, ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದರು. ಅವರ ಹಿಂದೆ ಯಾರೋ ಸ್ಪೀಕರಿನಲ್ಲಿ ನಂಬರು ಕೂಗುತ್ತಿದ್ದರು, ಬಸ್ ನಿಲ್ದಾಣ ಇರಬೇಕು. ನೀನು ಅಂಗಡಿಯಲ್ಲಿ ಗಟ್ಟಿಯಾಗಿದ್ದೀಯ ಎಂದು ಕೇಳಿ ಸಮಾಧಾನವಾಯಿತು. ಹಾಗಾದರೆ ಇಂಜೆಕ್ಷನ್ನೇ ಹಿಡಿಸಿದೆ ಎಂದಾಯಿತು. ನಾನೇ ಸುಮ್ಮನೆ ಹೆದರಿದೆನೇನೋ.

ಅವಳಿಗಳು ನಿನ್ನ ಫೋಟೋ ನೋಡಿ ಸೈಕಲ್ ಅತ್ತೆ ಎನ್ನುತ್ತಾರೆ. ಒಂದು ಸಾಲಾದರೂ ಬರಿ.

ತಮ್ಮ


೩ ಜುಲೈ ೨೦೧೪

ಅಕ್ಕಾ,

ನೀನು ಬರೆಯಲಿಲ್ಲ. ನಾನು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ.

ಮಾರ್ಚಿನ ಕೊನೆಯಲ್ಲಿ ನಿನ್ನ ಆಸ್ಪತ್ರೆಯಿಂದ ಒಂದು ಪೆಟ್ಟಿಗೆ ಬಂತು. ಐವತ್ತು ಟ್ಯೂಬು. ಜೊತೆಗಿನ ಪಟ್ಟಿಯಲ್ಲಿ ಹೆಸರಿಲ್ಲ. ನಂಬರು, ವಯಸ್ಸು, ಹೆಣ್ಣೋ ಗಂಡೋ, ನೀರು ತೆಗೆದ ತಾರೀಕು, ಅಷ್ಟೇ. ನಲವತ್ತೊಂದನೆಯದು: ಹೆಣ್ಣು, ಮೂವತ್ತನಾಲ್ಕು, ಜನವರಿ ಏಳು. ಆ ದಿನದ್ದು ಅದೊಂದೇ ಇತ್ತು. ಏಳನೇ ತಾರೀಕು ಮಂಗಳವಾರ ಎಂದು ನೀನೇ ಬರೆದಿದ್ದೆ.

ಆಗಲೇ ಎದ್ದು ಹೋಗಿ ಮೇಡಂಗೆ ಹೇಳಬೇಕಿತ್ತು, ಈ ಪೆಟ್ಟಿಗೆ ಬೇರೆಯವರು ಮಾಡಲಿ ಎಂದು. ಹೇಳಲಿಲ್ಲ. ಅಳತೆ ಬಂದ ಮೇಲೆ ಆ ಸಾಲನ್ನೇ ಹುಡುಕಿ ನೋಡಿದೆ. ಹೆಚ್ಚಿನವರದು ಐನೂರರಿಂದ ಸಾವಿರದೈನೂರರ ಒಳಗೆ. ನಲವತ್ತೊಂದನೆಯದು ನಾಲ್ಕು ಸಾವಿರದ ಎಂಟುನೂರು. ಯಂತ್ರ ತಪ್ಪಿರಬೇಕು ಎಂದು ಇನ್ನೊಮ್ಮೆ ಹಾಕಿದೆ. ನಾಲ್ಕು ಸಾವಿರದ ಏಳುನೂರ ಐವತ್ತು ಬಂತು.

ಹಳೆಯ ಟ್ಯೂಬುಗಳ ಲೆಕ್ಕ ಆಗಷ್ಟೇ ಮುಗಿದಿತ್ತು. ಅಷ್ಟು ಎತ್ತರದ ಸಂಖ್ಯೆ ಇದ್ದವರಲ್ಲಿ ಹತ್ತಕ್ಕೆ ಏಳು ಜನ ಹತ್ತು ವರ್ಷದೊಳಗೆ ಕೋಲು ಹಿಡಿದಿದ್ದರು. ಕೆಲವರು ಗಾಲಿಕುರ್ಚಿ. ಮೂರು ವಾರ ಪೆನ್ನು ಹಿಡಿದು ಕೂತೆ. ಹೇಳಿದರೆ ನಿಯಮ ಮುರಿದ ಹಾಗೆ, ನಿನ್ನ ಧೈರ್ಯವನ್ನೂ ಮುರಿದ ಹಾಗೆ. ಹೇಳದಿದ್ದರೆ ನೀನು ಸಾಧು ಔಷಧ ಹಿಡಿಯುತ್ತೀಯ. ಕಾರಣ ಬಿಟ್ಟು ಸಲಹೆ ಮಾತ್ರ ಬರೆದರೆ ಎರಡೂ ಉಳಿಯುತ್ತವೆ ಎಂದುಕೊಂಡೆ. ಎರಡೂ ಹೋದವು.

ಸೋಮವಾರ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡಿದ್ದು ತಪ್ಪು. ನೋಡಿ ಅರ್ಧ ಹೇಳಿದ್ದು ಇನ್ನೂ ದೊಡ್ಡ ತಪ್ಪು" ಎಂದರು. ಆ ಕೆಲಸದಿಂದ ನನ್ನನ್ನು ತೆಗೆದು ಮೂತ್ರ ಪರೀಕ್ಷೆಗೆ ಹಾಕಿದ್ದಾರೆ. ಈ ವರ್ಷದ ಬಡ್ತಿಯೂ ಇಲ್ಲ. ಸರಿಯಾಗಿಯೇ ಇದೆ. ನಿನ್ನ ಡಾಕ್ಟರಿಗೆ ಅವರೇ ಬರೆಯುತ್ತಾರೆ.

ಮೂರು ತಿಂಗಳು ಇದನ್ನು ಒಬ್ಬನೇ ಹೊತ್ತುಕೊಂಡಿದ್ದೆ. ಹೆಂಡತಿಗೂ ಹೇಳಲಿಲ್ಲ. ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಡ್ರಿಪ್ ತಗೋ ಅಕ್ಕಾ. ಈಗ ಕಾರಣ ಹೇಳಿಯೇ ಕೇಳುತ್ತಿದ್ದೇನೆ.

ತಮ್ಮ


೨೧ ಜುಲೈ ೨೦೧೪

ಗೂಬೆ,

ಮೊದಲು ನನ್ನ ಕಡೆಯದು. ಮೇ ಹದಿನಾಲ್ಕನೇ ತಾರೀಕು ಬೆಳಿಗ್ಗೆ ಎಡಗಾಲು ನನ್ನ ಜೊತೆ ಏಳಲಿಲ್ಲ. ಮಂಚದ ಪಕ್ಕದಲ್ಲೇ ಕುಸಿದೆ. ನಿನ್ನ ಭಾವ ಎರಡು ಮಹಡಿ ಎತ್ತಿಕೊಂಡೇ ಇಳಿಸಿದರು. ಹನ್ನೊಂದು ದಿನ ಆಸ್ಪತ್ರೆ. ಸ್ಕ್ಯಾನಿನಲ್ಲಿ ಮೂರು ಹೊಸ ಕಲೆ. ಡಾಕ್ಟರಮ್ಮ ಚಿತ್ರ ತೋರಿಸಿ, "ಇನ್ನು ಸಾಧು ಔಷಧ ಸಾಲದು. ಡ್ರಿಪ್ ಹಾಕೋಣ" ಎಂದರು. ಜೂನ್ ಒಂಬತ್ತಕ್ಕೆ ಮೊದಲನೆಯದು ಆಯಿತು. ನೀನು ಫೋನಿನಲ್ಲಿ ಕೇಳಿಸಿಕೊಂಡದ್ದು ಬಸ್ ನಿಲ್ದಾಣವಲ್ಲ. ಡ್ರಿಪ್ಪಿಗೆ ಮೊದಲಿನ ರಕ್ತ ಪರೀಕ್ಷೆಯ ಸಾಲು. ನಿನ್ನ ಭಾವನ ಬಾಯಿಗೆ ಬೀಗ ಹಾಕಿದವಳು ನಾನು. ಹೇಳಿದರೆ ನೀನು ಗೆದ್ದ ಹಾಗಾಗುತ್ತದೆ ಎಂದು. ಎಷ್ಟು ಸಣ್ಣ ಬುದ್ಧಿ ನೋಡು, ಕಾಲು ಹೋದರೂ ಜಗಳ ಬಿಡಲಿಲ್ಲ.

ಕಾಲು ಮುಕ್ಕಾಲು ಭಾಗ ಬಂದಿದೆ. ಉಳಿದದ್ದು ಬರುವುದು ಅನುಮಾನ ಎಂದಿದ್ದಾರೆ. ಪಾದ ಎಳೆಯುತ್ತದೆ. ಕೆಳಗಿನ ಮನೆ ಹುಡುಕುತ್ತಿದ್ದೇವೆ.

ಈಗ ನಿನ್ನ ಕಡೆಯದು. ಆ ಸಂಖ್ಯೆ ನನ್ನ ಬೆನ್ನಿನದು. ನೀನು ಮೂರು ತಿಂಗಳು ಹೊತ್ತೆ ಎಂದು ಬರೆದಿದ್ದೀಯ. ಹೊರು ಎಂದು ಯಾರು ಹೇಳಿದ್ದರು? ನನ್ನ ಧೈರ್ಯ ಮುರಿಯುತ್ತದೆ ಎಂದೆಯಲ್ಲ, ಅದನ್ನು ಯಾವ ಯಂತ್ರದಲ್ಲಿ ಅಳೆದೆ? ಏಪ್ರಿಲ್‌ನಲ್ಲಿ ನೀನು ಹೇಳಿದ್ದರೆ ನಾನು ಆಗಲೇ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಹಾಕಿಸಿಕೊಂಡಿದ್ದರೆ ಈ ಕಾಲು ಪೂರ್ತಿ ಉಳಿಯುತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಡಾಕ್ಟರಮ್ಮನನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ಈ ಎರಡು 'ಗೊತ್ತಿಲ್ಲ'ಗಳನ್ನು ನಿನಗೆ ಕೊಡುತ್ತಿದ್ದೇನೆ. ನಿನ್ನ ಹತ್ತಿರವೇ ಇರಲಿ. ನನಗೆ ಇಟ್ಟುಕೊಳ್ಳಲು ಜಾಗವಿಲ್ಲ.

ಒಂದು ಪ್ರಶ್ನೆ. ಹತ್ತರಲ್ಲಿ ಏಳು ಜನ ಕೋಲು ಹಿಡಿದರು. ಉಳಿದ ಮೂವರು?

ಅಕ್ಕ

ಮೂತ್ರ ಪರೀಕ್ಷೆಗೆ ಹಾಕಿದರು ಎಂದು ಓದಿ ನಿನ್ನ ಭಾವ ಐದು ನಿಮಿಷ ನಕ್ಕರು. ನನಗೆ ನಗು ಬರಲಿಲ್ಲ. ಎರಡು ದಿನದ ಮೇಲೆ ಬಂತು.


೧೧ ಆಗಸ್ಟ್ ೨೦೧೪

ಅಕ್ಕಾ,

ನೀನು ಕೊಟ್ಟದ್ದನ್ನು ಇಟ್ಟುಕೊಂಡಿದ್ದೇನೆ. ವಾಪಸು ಕೊಡಲು ಬರುವುದಿಲ್ಲ.

ನಿನ್ನ ಪ್ರಶ್ನೆಯನ್ನು ಮೇಡಂ ಹತ್ತಿರ ತೆಗೆದುಕೊಂಡು ಹೋದೆ. ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅನುಮಾನವಿತ್ತು. ಕೂರಿಸಿ ಮಾತಾಡಿದರು. ಆ ಮೂವರು ಯಾಕೆ ಉಳಿದರು ಎಂಬುದು ಯಾರಿಗೂ ಗೊತ್ತಿಲ್ಲವಂತೆ. "ಗೊತ್ತಾಗಿದ್ರೆ ಈ ಲ್ಯಾಬನ್ನೇ ಮುಚ್ಚಬಹುದಿತ್ತು" ಎಂದರು. ಇನ್ನೊಂದು ವಿಷಯವನ್ನೂ ಹೇಳಿದರು. ಅದನ್ನು ನಾನು ಭಯದಲ್ಲಿ ಯೋಚಿಸಿರಲೇ ಇಲ್ಲ. ಆ ಹಳೆಯ ಟ್ಯೂಬುಗಳ ಕಾಲದಲ್ಲಿ ಡ್ರಿಪ್ ಕೊಡುತ್ತಿರಲಿಲ್ಲ. ಅವರೆಲ್ಲ ಸಾಧು ಔಷಧದವರು, ಕೆಲವರಿಗೆ ಅದೂ ಇಲ್ಲ. ಹತ್ತಕ್ಕೆ ಏಳು ಎಂಬುದು ಅವರ ಕಾಲದ ಲೆಕ್ಕ. ನಿನಗೆ ಎಷ್ಟು ಅನ್ವಯಿಸುತ್ತದೆ ಎಂದು ತಿಳಿಯಲು ಇನ್ನೂ ಹತ್ತು ವರ್ಷ ಬೇಕು. ಸಂಖ್ಯೆ ಸುಳ್ಳಲ್ಲ. ಆದರೆ ಅದು ಗುಂಪಿನ ವಿಷಯ ಹೇಳುತ್ತದೆ, ಅಕ್ಕನ ವಿಷಯವನ್ನಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಬೇಡವೆನ್ನುವುದಾದರೆ ನೀನೇ ಫೋನ್ ಮಾಡು. ಭಾವನ ಕೈಯಲ್ಲಿ ಹೇಳಿಸಿದರೆ ಇನ್ನು ಮೇಲೆ ನಾನು ನಂಬುವುದಿಲ್ಲ.

ತಮ್ಮ


೯ ಡಿಸೆಂಬರ್ ೨೦೧೮

ಪ್ರೀತಿಯ ತಮ್ಮನಿಗೆ,

ಕೈ ಸರಿಹೋದ ಮೇಲೆ ನಮ್ಮ ಕಾಗದ ನಿಂತೇಹೋಯಿತು. ನೀನು ತಿಂಗಳಿಗೊಮ್ಮೆ ಬಂದು ಹೋಗುವಾಗ ಬರೆಯುವುದಕ್ಕೆ ಏನು ಉಳಿಯುತ್ತದೆ? ಇವತ್ತು ಬರೆಯುತ್ತಿರುವುದು ಒಂದು ವರದಿ ಕಳಿಸಬೇಕಿದೆ ಎಂದು. ಅದನ್ನು ಫೋನಿನಲ್ಲಿ ಓದಿ ಹೇಳುವ ಮನಸ್ಸಾಗಲಿಲ್ಲ.

ಹೋದ ತಿಂಗಳು ಸಂಶೋಧನೆಯವರು ಮತ್ತೆ ಕರೆದರು. ಎರಡನೇ ಸಲ ನೀರು ಕೊಡುತ್ತೀರಾ ಎಂದರು. ಈ ಸಲದ ಅರ್ಜಿಯಲ್ಲಿ ಹೊಸ ಸಾಲೊಂದಿತ್ತು: ನನ್ನ ಫಲಿತಾಂಶ ನನಗೆ ತಿಳಿಸಿ, ಅಥವಾ ತಿಳಿಸಬೇಡಿ. ಪಕ್ಕದಲ್ಲಿ ಎರಡು ಚೌಕ. ಈ ಸಾಲು ಯಾವಾಗಿನಿಂದ ಬಂತು ಎಂದು ನರ್ಸನ್ನು ಕೇಳಿದೆ. "ಮೂರು ವರ್ಷ ಆಯ್ತು. ಅಲ್ಲಿ ಯಾರೋ ಏನೋ ಎಡವಟ್ಟು ಮಾಡ್ಕೊಂಡಿದ್ರಂತೆ, ಅದಾದ್ಮೇಲೆ" ಎಂದಳು. ಆ ಯಾರೋ ನನ್ನ ತಮ್ಮ ಎಂದು ಹೇಳಲಿಲ್ಲ. ಪೆನ್ನು ಹಿಡಿದು ಸುಮಾರು ಹೊತ್ತು ಕೂತೆ. ನಿನಗೆ ಅಷ್ಟು ಬೈದವಳು ನಾನು, ಆದರೂ ಒಮ್ಮೆ ತಿಳಿಸಬೇಡಿ ಎಂಬ ಚೌಕದ ಹತ್ತಿರ ಕೈ ಹೋಯಿತು. ಆಮೇಲೆ ತಿಳಿಸಿ ಎಂಬಲ್ಲಿ ಗುರುತು ಹಾಕಿದೆ.

ಡಾಕ್ಟರಮ್ಮ ಎದುರು ಕೂರಿಸಿಕೊಂಡು ಹೇಳಿದರು. ಆರುನೂರ ಇಪ್ಪತ್ತು. ಹೊಸ ಸವೆತ ಇಲ್ಲವೆನ್ನುವಷ್ಟು ಕಡಿಮೆ, ಡ್ರಿಪ್ ತನ್ನ ಕೆಲಸ ಮಾಡಿದೆ ಎಂದರು. ಮುಂದೆಯೂ ಹೀಗೇ ಇರುತ್ತದೆಯೇ ಎಂದು ಕೇಳಿದೆ. ಇರಬಹುದು ಎಂದರು, ಇರುತ್ತದೆ ಎನ್ನಲಿಲ್ಲ. ಎಡಗಾಲಿನ ವಿಷಯ ಬೇರೆ. ಅದು ಆ ಮೇ ತಿಂಗಳಲ್ಲಿ ಹೋದದ್ದು, ಯಾವ ಒಳ್ಳೆಯ ಸಂಖ್ಯೆಯೂ ಅದನ್ನು ತಂದುಕೊಡುವುದಿಲ್ಲ. ಈಗ ಬಸ್ ನಿಲ್ದಾಣದವರೆಗೆ ಕೋಲಿಲ್ಲದೆ ಹೋಗುತ್ತೇನೆ, ಬರುವಾಗ ಕೋಲು ಬೇಕು. ನಿಮ್ಮ ಲೆಕ್ಕದಲ್ಲಿ ನನ್ನನ್ನು ಏಳರಲ್ಲಿ ಸೇರಿಸುತ್ತಾರೋ ಮೂರರಲ್ಲೋ ಎಂದು ನಿನ್ನ ಭಾವ ಕೇಳುತ್ತಾರೆ. ಹೋಗುವಾಗ ಮೂರು, ಬರುವಾಗ ಏಳು ಎಂದಿದ್ದೇನೆ.

ವರದಿಯ ನಕಲು ಇದರ ಜೊತೆ ಇದೆ. ಮೊದಲು ನಾನು ನೋಡಿದೆ, ಆಮೇಲೆ ನಿನ್ನ ಭಾವ. ನೀನು ಮೂರನೆಯವನು. ನಿಧಾನವಾಗಿ ನೋಡು.

ನನ್ನ ಮಗಳಿಗೆ, ಅದೇ ನಿನ್ನ ಸೋದರಸೊಸೆಗೆ, ನಾಳಿದ್ದು ಹನ್ನೊಂದು ತಿಂಗಳು. ಅಂಗಡಿಯಲ್ಲಿ ನನ್ನ ಸ್ಟೂಲು ಹಿಡಿದು ಎದ್ದು ನಿಲ್ಲುತ್ತಾಳೆ, ನಾಲ್ಕು ಹೆಜ್ಜೆ ಹಾಕುತ್ತಾಳೆ, ಕೂರುತ್ತಾಳೆ. ನಿನ್ನೆ ಸಂಜೆ ಅಂಗಡಿ ಮುಚ್ಚಿ ಇಬ್ಬರೂ ಬೀದಿಯ ಕೊನೆಯವರೆಗೆ ಹೋಗಿ ಬಂದೆವು. ಅವಳು ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ನನ್ನ ಬೆರಳು. ಬಲಗೈಯ ಬೆರಳೇ, ಅವಳು ಹಿಡಿದದ್ದು ಚೆನ್ನಾಗಿ ಗೊತ್ತಾಗುತ್ತದೆ. ಎದುರಿನ ಔಷಧಿ ಅಂಗಡಿಯವನು ಕತ್ತೆತ್ತಿ ನೋಡಿ, "ಯಾರು ಯಾರನ್ನ ನಡೆಸ್ತಿದೀರಕ್ಕಾ?" ಎಂದ.

ಸದ್ಯಕ್ಕೆ ಇಬ್ಬರ ವೇಗವೂ ಒಂದೇ. ಇನ್ನೊಂದು ತಿಂಗಳಿಗೆ ಅವಳು ನನ್ನನ್ನು ಹಿಂದೆ ಹಾಕುತ್ತಾಳೆ. ಹಾಕಲಿ.

ನಿನ್ನ ಅಕ್ಕ